ಮೂರು ಎಕರೆ ಹತ್ತು ಗುಂಟೆ

ಕಾಫಿ ಕೊಯ್ಲಿನ ಸಮಯದಲ್ಲಿ ಚಿಕ್ಕಮಗಳೂರಿನ ಆಲ್ದೂರು ಕಡೆಯ ತೋಟಗಳಲ್ಲಿ ಶನಿವಾರ ಅಂದರೆ ಬಟವಾಡೆ, ಕೂಲಿ ಕೊಡುವ ದಿನ. ಸಂಜೆ ಆಫೀಸಿನ ಜಗಲಿ ಮುಂದೆ ಜನ ಸೇರುವಷ್ಟರಲ್ಲಿ ರೈಟರ (ತೋಟದ ಗುಮಾಸ್ತರ) ಲೆಕ್ಕ ಮುಗಿದಿರಬೇಕು. ಅಂಥದೇ ಒಂದು ಶನಿವಾರ ಮೇಜಿನ ಮೇಲಿನ ಹನ್ನೆರಡು ಅಂಕಿಯ ಹಳೇ ಲೆಕ್ಕದ ಮಿಷನ್ ಕೈಕೊಟ್ಟಿತು. ಲೆಕ್ಕವೆಲ್ಲ ವಿಂಡೋಸಿನ ಕ್ಯಾಲ್ಕುಲೇಟರಿಗೆ ಬಂತು.

ತೆರೆಯೋದು ಸುಲಭ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಸಿ ಎ ಎಲ್ ಸಿ ಅಂತ ನಾಲ್ಕು ಅಕ್ಷರ ಹೊಡೆದು ಎಂಟರ್. ಆಮೇಲೆ ಮೌಸ್ ಮುಟ್ಟಬೇಡಿ. ಕೀಬೋರ್ಡಿನ ಬಲಬದಿಯ ಅಂಕಿಗಳೇ ಸಾಕು. ಅಂಕಿ ಬೀಳದಿದ್ದರೆ ನಮ್ ಲಾಕ್ ಆರಿದೆ ಅಂತಲೇ ಅರ್ಥ. ತಪ್ಪು ಅಂಕಿ ಒಂದನ್ನೇ ತೆಗೆಯಲು ಬ್ಯಾಕ್‌ಸ್ಪೇಸ್, ಆಗ ಹೊಡೆದ ಸಂಖ್ಯೆಯನ್ನಷ್ಟೇ ಅಳಿಸಲು ಡಿಲೀಟ್. ಎಸ್ಕೇಪ್ ಒತ್ತಿದರೆ ಇಡೀ ಲೆಕ್ಕವೇ ಹೋಗುತ್ತೆ. ಉದ್ದನೆ ಕೂಡುವ ಲೆಕ್ಕದ ನಡುವೆ ಈ ವ್ಯತ್ಯಾಸ ಮರೆತವರು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಮೊದಲ ಲೆಕ್ಕ ಕೊಯ್ಲಿನದು. ಒಬ್ಬರು ಮೂರು ದಿನದಲ್ಲಿ 62, 71, 58 ಕೆ.ಜಿ. ಹಣ್ಣು ಕೊಯ್ದಿದ್ದಾರೆ, ಕೆ.ಜಿ.ಗೆ 5 ರೂಪಾಯಿ ಅಂತಿಟ್ಟುಕೊಳ್ಳಿ. 62 + 71 + 58 × 5 ಅಂತ ಒಂದೇ ಉಸಿರಿಗೆ ಹೊಡೆದರೆ ಸ್ಟ್ಯಾಂಡರ್ಡ್ ಮೋಡಿನಲ್ಲಿ 955 ಬರುತ್ತೆ, ಸರಿಯಾದ ಉತ್ತರ. ಅದೇ ಕೀಗಳನ್ನು ಸೈಂಟಿಫಿಕ್ ಮೋಡಿನಲ್ಲಿ ಒತ್ತಿದರೆ 423. ಸ್ಟ್ಯಾಂಡರ್ಡ್ ಹಳೇ ಮಿಷನ್ ಥರ, ಬಂದದ್ದನ್ನು ಬಂದ ಹಾಗೆ ಮಾಡುತ್ತಾ ಹೋಗುತ್ತೆ. ಸೈಂಟಿಫಿಕ್ ಶಾಲೆಯ ನಿಯಮ ಹಿಡಿದು ಗುಣಾಕಾರ ಮೊದಲು ಮಾಡುತ್ತೆ. ಆಲ್ಟ್ ಜೊತೆ 1 ಒತ್ತಿದರೆ ಸ್ಟ್ಯಾಂಡರ್ಡ್, 2 ಒತ್ತಿದರೆ ಸೈಂಟಿಫಿಕ್. ಕೂರುವ ಮುಂಚೆ 2 + 3 × 4 ಹೊಡೆದು ನೋಡಿ: 20 ಬಂದರೆ ಸ್ಟ್ಯಾಂಡರ್ಡ್, 14 ಬಂದರೆ ಸೈಂಟಿಫಿಕ್.

"ಸಾರ್, ಇದ್ರಲ್ಲಿ ಜಿ.ಟಿ. ಎಲ್ಲಿದೆ?" ಅಂತ ರೈಟರು ಹುಡುಕಿದ್ದು ನ್ಯಾಯವೇ. ಒಟ್ಟು ಮೊತ್ತ ತಾನೇ ಕೂಡಿಸಿಕೊಳ್ಳುವ ಆ ಬಟನ್ ಇದರಲ್ಲಿಲ್ಲ. ಬದಲಿಗೆ ಮೆಮೊರಿ ಇದೆ: ಕಂಟ್ರೋಲ್ ಜೊತೆ ಎಲ್ ಒತ್ತಿ ಖಾಲಿ ಮಾಡಿ, ಪ್ರತಿಯೊಬ್ಬರ ಲೆಕ್ಕ ಮುಗಿದ ಮೇಲೆ ಕಂಟ್ರೋಲ್ ಜೊತೆ ಪಿ ಒತ್ತಿ ಮೆಮೊರಿಗೆ ಸೇರಿಸಿ (ಇದೇ ಎಂ-ಪ್ಲಸ್), ಕೊನೆಗೆ ಒಟ್ಟು ನೋಡಲು ಕಂಟ್ರೋಲ್ ಜೊತೆ ಆರ್. ಮೇಜಿನ ಮಿಷನ್ ಎಂ-ಪ್ಲಸ್ ಒತ್ತಿದಾಗ ಬಾಕಿ ಗುಣಾಕಾರವನ್ನೂ ಮುಗಿಸಿಕೊಡುತ್ತಿತ್ತು. ಇದು ಹಾಗಲ್ಲ, ಪರದೆ ಮೇಲಿರುವ ಸಂಖ್ಯೆಯನ್ನೇ ಸೇರಿಸುತ್ತೆ. 191 × 5 ಹೊಡೆದು, ಎಂಟರ್ ಒತ್ತದೆ ಸೇರಿಸಿದರೆ ಒಟ್ಟಿಗೆ ಹೋಗೋದು 955 ಅಲ್ಲ, ಬರೀ 5. ಹಾಗಂತ ಎಂಟರನ್ನು ಎರಡು ಸಲ ಒತ್ತಿದರೂ ಕಷ್ಟವೇ, ಕೊನೆಯ ಕ್ರಿಯೆ ಮತ್ತೊಮ್ಮೆ ನಡೆದು 4,775 ಆಗುತ್ತೆ.

ಪಿ.ಎಫ್. ಕಡಿತಕ್ಕೆ ಸ್ಟ್ಯಾಂಡರ್ಡಿನಲ್ಲಿ 8500 − 12 % ಎಂಟರ್, 7,480. ಸೈಂಟಿಫಿಕ್ಕಿನಲ್ಲಿದ್ದರೆ 0.88ರಿಂದ ಗುಣಿಸಿ.

ಇಲ್ಲಿಯವರೆಗೆ ಬರೀ ಕೈ ರೂಢಿಯ ಮಾತು. ತಲೆ ಕೆಡಿಸಿದ್ದು ಕಳೆ ತೆಗೆಯುವ ಗುತ್ತಿಗೆಯ ಬಿಲ್ಲು. ಜಾಗ 3 ಎಕರೆ 10 ಗುಂಟೆ, ಎಕರೆಗೆ 6,000. ಪಹಣಿ ನೋಡಿ ಅಭ್ಯಾಸವಾದ ಕಣ್ಣಿಗೆ ಅದು 3.10. ಹಾಗೇ ಗುಣಿಸಿದರೆ 18,600. ಆದರೆ ಎಕರೆಗೆ 40 ಗುಂಟೆ, ಹಾಗಾಗಿ 10 ಗುಂಟೆ ಅಂದರೆ ಕಾಲು ಎಕರೆ. 3.25ರಿಂದ ಗುಣಿಸಿದರೆ 19,500. ಗುತ್ತಿಗೆಯವನಿಗೆ 900 ರೂಪಾಯಿ ಖೋತಾ ಆಗುತ್ತಿತ್ತು. ಸರಿಪಡಿಸೋಣ ಅಂತ 3 + 10 ÷ 40 ಹೊಡೆದರೆ ಸ್ಟ್ಯಾಂಡರ್ಡ್ 0.325 ಅನ್ನುತ್ತೆ, ಮೊದಲು 13 ಮಾಡಿಕೊಂಡು ಆಮೇಲೆ ಭಾಗಿಸುತ್ತದಲ್ಲ! ಕೊಯ್ಲಿನ ಲೆಕ್ಕಕ್ಕೆ ಒದಗಿ ಬಂದ ಗುಣವೇ ಇಲ್ಲಿ ಮುಳುವಾಯಿತು. ಅದಕ್ಕೇ ಗುಂಟೆಯಿಂದ ಶುರು ಮಾಡಬೇಕು: 10 ÷ 40 + 3 × 6000 ಎಂಟರ್. ಸ್ಟ್ಯಾಂಡರ್ಡಿನಲ್ಲಿ ಒಂದೇ ಓಟಕ್ಕೆ 19,500. ಸೈಂಟಿಫಿಕ್ಕಿನಲ್ಲಾದರೆ ಆವರಣ ಹಾಕಿ. ತಿರುಗಿ ಗುಂಟೆಗೆ ತರಲು ಚುಕ್ಕಿಯ ನಂತರದ ಭಾಗವನ್ನಷ್ಟೇ 40ರಿಂದ ಗುಣಿಸಿ: 3.65 ಎಕರೆ ಅಂದರೆ 3 ಎಕರೆ 26 ಗುಂಟೆ. ಕ್ಯಾಲ್ಕುಲೇಟರಿನೊಳಗೇ ವಿಸ್ತೀರ್ಣ ಬದಲಿಸುವ ಪಟ್ಟಿಯೊಂದಿದೆ; ಫುಟ್‌ಬಾಲ್ ಮೈದಾನದ ಲೆಕ್ಕ ಕೂಡ ಹೇಳುತ್ತೆ, ಗುಂಟೆ ಮಾತ್ರ ಇಲ್ಲ.

ಸಂಖ್ಯೆಗಳ ನಡುವಿನ ಅಲ್ಪವಿರಾಮ 195,000 ಅಂತ ಕಂಡರೆ ವಿಂಡೋಸಿನ ರೀಜನ್ ಸೆಟ್ಟಿಂಗಿನಲ್ಲಿ ಇಂಗ್ಲಿಷ್ (ಇಂಡಿಯಾ) ಆರಿಸಿ, 1,95,000 ಆಗುತ್ತೆ. ಲಕ್ಷ ಓದುವವರಿಗೆ ಇದು ಸಣ್ಣ ವಿಷಯವಲ್ಲ. ಹಿಂದಿನ ಲೆಕ್ಕಗಳು ಕಂಟ್ರೋಲ್ ಜೊತೆ ಎಚ್ ಒತ್ತಿದರೆ ಸಿಗುತ್ತವೆ, ಆದರೆ ಕೊಯ್ಲಿನ ಕಾಲದಲ್ಲಿ ಕರೆಂಟನ್ನು ನಂಬಿ ಕೂರಬಾರದು. ಒಬ್ಬೊಬ್ಬರದು ಮುಗಿದ ಹಾಗೆ ಪುಸ್ತಕಕ್ಕೆ ಏರಿಸಿ.

ಮಳೆ ಲೆಕ್ಕದಲ್ಲಿ ಚುಕ್ಕಿ ಇನ್ನೊಂದು ಥರ ಕಾಡುತ್ತೆ. ನಮ್ಮಲ್ಲಿ ಮಳೆ ಇಂಚು-ಸೆಂಟಿನಲ್ಲಿ, ಇಂಚಿಗೆ 100 ಸೆಂಟು. ಆದ್ದರಿಂದ 1 ಇಂಚು 35 ಸೆಂಟನ್ನು 1.35 ಅಂತಲೇ ಹೊಡೆಯಬಹುದು, ಭಾಗಿಸುವ ಗೋಜಿಲ್ಲ. 1 ಇಂಚು 5 ಸೆಂಟು ಮಾತ್ರ 1.05. ಅದನ್ನು 25.4ರಿಂದ ಗುಣಿಸಿದರೆ 26.67 ಮಿ.ಮೀ.; ಸೊನ್ನೆ ಬಿಟ್ಟು 1.5 ಹೊಡೆದರೆ ಅದೇ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) 38.1 ಆಗಿ ಪುಸ್ತಕ ಸೇರುತ್ತೆ.