ಜೀನ್ ಟೆಸ್ಟ್ ಮಾಡಿಸಿದರೆ ಎಷ್ಟು ದಿನ ಅಂತ ಗೊತ್ತಾಗುತ್ತಾ?

"ಡಾಕ್ಟ್ರ, ಈ ಜೀನ್ ಟೆಸ್ಟ್ ಮಾಡಿಸಿದ್ರ ನಮ್ಮಪ್ಪಾರು ಇನ್ನ ಎಷ್ಟ್ ದಿನಾ ಇರ್ತಾರಂತ ಗೊತ್ತಾಗ್ತೈತೇನ್ರಿ?"

ಹುಬ್ಬಳ್ಳಿಯ ಪೆಥಾಲಜಿ ಲ್ಯಾಬ್‌ನಲ್ಲಿ ಕೂರುವ ನನಗೆ ಹೊಟ್ಟೆ ಕ್ಯಾನ್ಸರ್ ರೋಗಿಗಳ ಮನೆಯವರು ಕೇಳುವುದೇ ಇದು. ಹೋದ ಬೇಸಿಗೆಯಲ್ಲಿ ರೋಣದ ಕಡೆಯ ಹುಡುಗನೂ ಕೇಳಿದ. ಅಪ್ಪನ ಬಯಾಪ್ಸಿಯ ಮೇಣದ ಬ್ಲಾಕನ್ನು (ಗಡ್ಡೆಯಿಂದ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟದ್ದು) ಬೈಕಿನ ಟ್ಯಾಂಕ್ ಕವರಿನಲ್ಲಿಟ್ಟು ತಂದಿದ್ದ. ಬಿಸಿಲಿಗೆ ಮೇಣ ಮೆತ್ತಗಾಗಿತ್ತು. (ದಯವಿಟ್ಟು ಬ್ಲಾಕ್ ಬಿಸಿಲಲ್ಲಿ ಇಡಬೇಡ್ರಿ.)

ದಿನ ಗೊತ್ತಾಗಲ್ಲ. ಯಾವ ಔಷಧ ಹಿಡಿಸಬಹುದು ಅನ್ನೋದು ಗೊತ್ತಾಗುತ್ತದೆ.

ಕೋಶಕ್ಕೆ ಬೆಳೆ ಅಂತ ಹೇಳುವ ಹರ್-ಟೂ (HER2) ಜೀನನ್ನೇ ನೋಡಿ. ಐದು ರೋಗಿಗಳಲ್ಲಿ ಹೆಚ್ಚುಕಡಿಮೆ ಒಬ್ಬರ ಗಡ್ಡೆಯಲ್ಲಿ ಇದು ಜಾಸ್ತಿಯಾಗಿರುತ್ತದೆ. ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೋಶದ ಅಂಚು ಕಂದಾಗಿ ಕಾಣುತ್ತದೆ, ಎಷ್ಟೋ ಸಲ ಕುದುರೆ ಲಾಳದ ಹಾಗೆ. ಕಷ್ಟ ಏನಂದ್ರೆ, ಹೊಟ್ಟೆ ಗಡ್ಡೆಯಲ್ಲಿ ಇದು ಹೊಲದಲ್ಲಿ ಕರಿಕಿ ಹಬ್ಬಿದ ಹಾಗೆ: ಬದುವಿನ ಹತ್ರ ಒತ್ತಾಗಿ, ನಡುವೆ ಏನೂ ಇಲ್ಲ. ಅದಕ್ಕೇ ಸಜ್ಜೆ ಕಾಳಿನಷ್ಟು ಒಂದೇ ಚೂರು ಸಾಲದು, ಐದಾರಾದರೂ ಬೇಕು.

2010ರಲ್ಲಿ ಟೋಗಾ ಅನ್ನುವ ಪ್ರಯೋಗದ ಫಲಿತಾಂಶ ಬಂತು. ಮುಂದುವರಿದ ಕಾಯಿಲೆಯ ಹರ್-ಟೂ ಪಾಸಿಟಿವ್ ರೋಗಿಗಳಲ್ಲಿ ಬರೀ ಕೀಮೋ ಪಡೆದವರು ಬದುಕಿದ್ದು 11.1 ತಿಂಗಳು, ಜೊತೆಗೆ ಹರ್-ಟೂಗೇ ಗುರಿಯಿಡುವ ಟ್ರಾಸ್ಟುಜುಮಾಬ್ ಔಷಧ ಪಡೆದವರು 13.8. ಈ ಅಂಕಿ ಕೇಳಿದ ಕೂಡಲೇ ಜನ ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ. ಅದು ನಡುವಿನ ಲೆಕ್ಕ ಅಷ್ಟೇ. ಅರ್ಧ ಜನ ಅದನ್ನು ದಾಟಿದರು, ಅರ್ಧ ಜನ ದಾಟಲಿಲ್ಲ. ನಿಮ್ಮಪ್ಪ ಯಾವ ಅರ್ಧದಲ್ಲಿ ಅಂತ ನನ್ನ ಸ್ಲೈಡ್ ಹೇಳೋದಿಲ್ಲ.

ಎಂಎಸ್‌ಐ ಅಂತ ಇನ್ನೊಂದಿದೆ. ಡಿಎನ್‌ಎ ನಕಲಾಗುವಾಗ ಆಗುವ ತಪ್ಪು ತಿದ್ದುವ ಶಕ್ತಿ ಕಳೆದುಕೊಂಡ ಗಡ್ಡೆ ಅದು. ಆಪರೇಷನ್ ಆಗುವ ಹಂತದಲ್ಲಿ ಸಿಕ್ಕರೆ ಇಂಥ ಗಡ್ಡೆಯವರು ಸಾಮಾನ್ಯವಾಗಿ ಉಳಿದವರಿಗಿಂತ ವಾಸಿ. ಮೈಯ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ಮೇಲೆ ಎಬ್ಬಿಸುವ ಇಮ್ಯುನೋಥೆರಪಿಯೂ ಹಿಡಿಸುವುದು ಜಾಸ್ತಿ. ಇಂಥವರು ಕಡಿಮೆ.

ಅಂದಾಜು ಬೇಕೇ ಬೇಕು ಅಂದ್ರೆ ನಾನು ಮೊದಲು ನೋಡೋದು ಹಳೇ ಸ್ಟೇಜನ್ನೇ. ಗಡ್ಡೆ ಹೊಟ್ಟೆಯ ಗೋಡೆಯಲ್ಲಿ ಎಷ್ಟು ಆಳ ಇಳಿದಿದೆ, ಎಷ್ಟು ಲಿಂಫ್ ಗಂಟಿಗೆ ಹೋಗಿದೆ, ದೂರ ಹಬ್ಬಿದೆಯಾ. ಸಾವಿರಾರು ರೂಪಾಯಿ ಟೆಸ್ಟಿಗಿಂತ ಇದು ಜಾಸ್ತಿ ಹೇಳುತ್ತದೆ.

ಆ ಹುಡುಗನ ಅಪ್ಪನದು ಹರ್-ಟೂ ಬಣ್ಣದ ಅಂಕ 2+ ಬಂತು. 3+ ಆದರೆ ಹರ್-ಟೂ ಪಾಸಿಟಿವ್ ಹೌದು, 0 ಅಥವಾ 1+ ಆದರೆ ಇಲ್ಲ. 2+ ಅಂದ್ರೆ ಫಿಶ್ ಟೆಸ್ಟ್ ಮಾಡಿ ಜೀನ್ ಎಣಿಸಬೇಕು. ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ, "ಹಂಗಾರ ಮತ್ತ ಯಾವಾಗ ಬರ್ಲಿರಿ?" ಅಂದ.