ಮೂಗು ನನ್ನ ಕಡೆಗೆ: ಬಾಗಲಕೋಟೆಯಲ್ಲಿ ಡ್ರೋನ್ ಕಲಿತ ಐದು ತಿಂಗಳು

ಬೇಸಿಗೆಯಲ್ಲಿ ಆಲಮಟ್ಟಿಯ ಹಿನ್ನೀರು ಹಿಂದೆ ಸರಿದಾಗ, ಮುಳುಗಡೆಯಾದ ನಮ್ಮ ಓಣಿಯ ಬುನಾದಿಯ ಕಲ್ಲುಗಳು ಅಲ್ಲಲ್ಲಿ ಕಾಣುತ್ತವೆ. ಅಪ್ಪ ದಂಡೆಯ ಮೇಲೆ ನಿಂತು, "ಅಲ್ಲಿತ್ತು ನೋಡು ನಮ್ಮ ಪಡಸಾಲಿ" ಎಂದು ಕೈ ಚಾಚಿ ತೋರಿಸುತ್ತಾರೆ. ದಂಡೆಯಿಂದ ನನಗೆ ಕಾಣುವುದು ಕೆಸರು ಮತ್ತು ಕಲ್ಲು ಮಾತ್ರ. ಅದೇ ಜಾಗವನ್ನು ಮೇಲಿನಿಂದ ನೋಡಿದರೆ ಓಣಿಯ ಗೆರೆಗಳು ತಿಳಿಯಬಹುದೆಂಬ ಆಸೆಯಿಂದ ಫೆಬ್ರುವರಿಯಲ್ಲಿ ನವನಗರದ ಮನೆಯ ಮಹಡಿಯ ಮೇಲೆ ಡ್ರೋನ್ ಕಲಿಯುವ ಕೆಲಸಕ್ಕೆ ಕೈ ಹಾಕಿದೆ. ಬರುವ ಬೇಸಿಗೆಯೊಳಗೆ ನೀರಿನ ಮೇಲೆ ನಂಬಿಕೆಯಿಂದ ಹಾರಿಸುವಷ್ಟು ಕೈ ಪಳಗಬೇಕೆಂಬುದು ಗುರಿ.

ಮೊದಲ ಎರಡು ವಾರ ನಿಯಮಗಳನ್ನು ಓದುವುದರಲ್ಲಿ ಕಳೆದವು. 2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ, ಅದಕ್ಕಿಂತ ಮೇಲೆ 2 ಕಿಲೊವರೆಗಿನದು ಮೈಕ್ರೊ. ನ್ಯಾನೊ ಹಾರಿಸಲು, ಹಾಗೆಯೇ ವ್ಯಾಪಾರದ ಉದ್ದೇಶವಿಲ್ಲದೆ ಮೈಕ್ರೊ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಸರ್ಕಾರದ ಡ್ರೋನ್ ನಕಾಶೆಯಲ್ಲಿ ಮುಕ್ತವಾಗಿ ಹಾರಿಸಬಹುದೆಂದು ಗುರುತಿಸಿದ ಹಸಿರು ವಲಯದಲ್ಲಿ 400 ಅಡಿಯವರೆಗೆ ಏರಬಹುದು. ಸಾಂಬ್ರಾ ವಿಮಾನ ನಿಲ್ದಾಣದ ಆಸುಪಾಸಿನಲ್ಲಿರುವ ಬೆಳಗಾವಿಯ ಹವ್ಯಾಸಿಗಳು ನಕಾಶೆಯನ್ನು ನಮಗಿಂತ ಹೆಚ್ಚು ಎಚ್ಚರದಿಂದ ನೋಡಬೇಕಾಗುತ್ತದೆ. ಬಾದಾಮಿಯ ಗುಹೆಗಳನ್ನೂ ಪಟ್ಟದಕಲ್ಲನ್ನೂ ಮೇಲಿನಿಂದ ಚಿತ್ರಿಸಿಕೊಡೆಂದು ಗೆಳೆಯರು ಕೇಳಿದಾಗ, ಅವು ರಕ್ಷಿತ ಸ್ಮಾರಕಗಳು, ಪುರಾತತ್ತ್ವ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಹಾರಿಸುವಂತಿಲ್ಲವೆಂದು ತಿಳಿಸಿ ಹೇಳಿದೆ.

2022ರ ಫೆಬ್ರುವರಿಯಿಂದ ವಿದೇಶದ ಸಿದ್ಧ ಡ್ರೋನ್‌ಗಳ ಆಮದಿಗೆ ನಿಷೇಧವಿದೆ, ಬಿಡಿಭಾಗಗಳಿಗೆ ಇಲ್ಲ. ಹೀಗಾಗಿ ಭಾಗಗಳನ್ನು ತರಿಸಿ ನಾನೇ ಜೋಡಿಸಲು ನಿರ್ಧರಿಸಿದೆ. ಈಗ ಯೋಚಿಸಿದರೆ ಅದೇ ಒಳ್ಳೆಯದಾಯಿತು ಅನ್ನಿಸುತ್ತದೆ, ಏಕೆಂದರೆ ಬಿದ್ದು ಕೆಟ್ಟ ಯಾವ ಭಾಗವನ್ನೂ ಬಿಚ್ಚಲು ನನಗೆ ಭಯವಾಗುವುದಿಲ್ಲ. ಮೂರು ಇಂಚಿನ ಪ್ರೊಪೆಲರ್, ನಾಲ್ಕು ಮೋಟಾರ್, ಮೂರು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಎಲ್ಲವನ್ನೂ ಸೇರಿಸಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟಾಗ 218 ಗ್ರಾಂ ತೋರಿಸಿತು.

ಜೋಡಣೆಯಲ್ಲಿ ಕಷ್ಟ ಕೊಟ್ಟದ್ದು ಬೆಸುಗೆ. ಸರ್ಕ್ಯೂಟ್ ಬೋರ್ಡಿನಲ್ಲಿ ಬ್ಯಾಟರಿಯ ಕಪ್ಪು ತಂತಿ ಕೂರುವ ಪ್ಯಾಡ್ ಒಳಗೆ ಅಗಲವಾದ ತಾಮ್ರದ ಪದರಕ್ಕೆ ಸೇರಿರುವುದರಿಂದ ಎಷ್ಟು ಕಾಯಿಸಿದರೂ ಶಾಖವನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ. ನನ್ನ 25 ವಾಟಿನ ಬೆಸುಗೆ ಐರನ್‌ನಿಂದ ತವರ ಗುಂಡುಗುಂಡಾಗಿ ನಿಂತಿತೇ ಹೊರತು ಅಂಟಲಿಲ್ಲ. ಹಳೆಯ ಊರಿನಲ್ಲಿ ಟಿವಿ ರಿಪೇರಿ ಮಾಡುವ ಕಾಕಾ ಒಬ್ಬರು ತಮ್ಮ 60 ವಾಟಿನ ಐರನ್ ಕೊಟ್ಟು, "ಅವಸರ ಮಾಡಬ್ಯಾಡಪಾ, ಮೊದಲ ಪ್ಯಾಡ್ ಕಾಯ್ಲಿ, ತವರ ತಾನ ಹರೀತೈತಿ" ಎಂದರು. ಹಾಗೆಯೇ ಆಯಿತು: ಮೂರು ಎಣಿಸುವಷ್ಟರಲ್ಲಿ ಗುಂಡು ಕರಗಿ, ತಂತಿಯ ಎಳೆಗಳ ನಡುವೆ ಇಳಿದು, ಕನ್ನಡಿಯಂತೆ ಹೊಳೆಯಿತು.

ಮೊದಲ ಸಲ ವಿದ್ಯುತ್ ಕೊಡುವಾಗ ಬ್ಯಾಟರಿಯ ದಾರಿಯಲ್ಲಿ ಕಾರಿನ 12 ವೋಲ್ಟಿನ ಬಲ್ಬೊಂದನ್ನು ಸರಣಿಯಲ್ಲಿ ಜೋಡಿಸಿದ್ದೆ. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತಲೇ ಇರುತ್ತದೆ ಮತ್ತು ಬೋರ್ಡ್ ಸುಡುವುದು ತಪ್ಪುತ್ತದೆ. ಅದು ಒಮ್ಮೆ ಮಿಣುಕಿ ಆರಿದಾಗ ನನಗಾದ ಸಂತೋಷ ಹೇಳತೀರದು.

ಮಾರ್ಚ್ ಮಧ್ಯದಲ್ಲಿ, ಜೋಳ ಕೊಯ್ದು ಖಾಲಿಯಾಗಿದ್ದ ಸಂಬಂಧಿಕರ ಎರೆ ಹೊಲದಲ್ಲಿ ಮೊದಲ ಹಾರಾಟಕ್ಕೆ ಹೋದೆ. ಥ್ರಾಟಲ್ (ಮೋಟಾರ್‌ಗಳ ವೇಗ) ಏರಿಸಿದ ಕ್ಷಣವೇ ಡ್ರೋನ್ ಪಕ್ಕಕ್ಕೆ ಮಗುಚಿ, ಜೋಳದ ಕೂಳೆಗೆ ಬಡಿದು, ಎರಡು ಪ್ರೊಪೆಲರ್ ಮುರಿದವು. ನಾಲ್ಕು ಮೋಟಾರ್‌ಗಳಲ್ಲಿ ಕರ್ಣದ ತುದಿಗಳಲ್ಲಿರುವ ಎರಡೆರಡು ಒಂದೇ ದಿಕ್ಕಿಗೆ, ಅಕ್ಕಪಕ್ಕದವು ಎದುರು ದಿಕ್ಕಿಗೆ ತಿರುಗುತ್ತವೆ. ಹಾಗಿರುವುದರಿಂದಲೇ ಒಂದರ ತಿರುಚುವ ಬಲವನ್ನು ಇನ್ನೊಂದು ಸರಿದೂಗಿಸಿ, ಡ್ರೋನ್ ತನ್ನ ಸುತ್ತ ತಾನೇ ಗಿರಗಿರನೆ ತಿರುಗದೆ ನಿಲ್ಲುತ್ತದೆ. ನಾನು ಮೋಟಾರ್‌ಗಳ ದಿಕ್ಕನ್ನು ಮನೆಯಲ್ಲಿ ಪ್ರೊಪೆಲರ್ ಹಾಕದೆ ಸರಿಯಾಗಿಯೇ ಪರೀಕ್ಷಿಸಿದ್ದೆ, ಆದರೆ ಹೊಲದಲ್ಲಿ ಎಡ ಮುಂದಿನ ಮೋಟಾರಿಗೆ ಬಲಗಡೆಯ ಪ್ರೊಪೆಲರ್ ಹಾಕಿದ್ದೆ. ಆ ಮೂಲೆ ಗಾಳಿಯನ್ನು ಕೆಳಕ್ಕೆ ತಳ್ಳುವ ಬದಲು ಮೇಲಕ್ಕೆ ತಳ್ಳಿತ್ತು. ಅಂದಿನಿಂದ ಪ್ರತಿ ಹಾರಾಟಕ್ಕೂ ಮುನ್ನ ನಾಲ್ಕೂ ರೆಕ್ಕೆಗಳ ಎತ್ತರದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡುತ್ತೇನೆ: ಮೋಟಾರ್ ತಿರುಗುವ ದಿಕ್ಕಿನಲ್ಲಿ ಎತ್ತರದ ಅಂಚೇ ಮುಂದಿರಬೇಕು.

ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬ್ಯಾಟರಿಯದೇ ಚಿಂತೆಯಾಗಿತ್ತು. ಒಂದೊಂದು ಸೆಲ್ 4.2 ವೋಲ್ಟಿಗೆ ತುಂಬುತ್ತದೆ. 3.5ಕ್ಕೆ ಬಂದಾಗ ಇಳಿಸಬೇಕು, ಹಾರಿಸದ ದಿನಗಳಲ್ಲಿ 3.8ರ ಸುಮಾರಿಗೆ ಇಡಬೇಕು. ತುಂಬಿದ ಒಂದು ಬ್ಯಾಟರಿಯನ್ನು ಮಧ್ಯಾಹ್ನ ಬೈಕಿನ ಡಿಕ್ಕಿಯಲ್ಲಿ ಬಿಟ್ಟು ಮರೆತದ್ದರಿಂದ ಅದು ಹಪ್ಪಳದಂತೆ ಉಬ್ಬಿ ನಿರುಪಯೋಗಿಯಾಯಿತು. ಈಗ ಬೆಳಗಿನ ತಂಪಿನಲ್ಲಿ, ಹಿತ್ತಲಿನ ಫರಸಿ ಕಲ್ಲಿನ ಮೇಲಿಟ್ಟು, ಪಕ್ಕದಲ್ಲೇ ಕುಳಿತು ಚಾರ್ಜ್ ಮಾಡುತ್ತೇನೆ.

ನಿಜವಾದ ಕಲಿಕೆ ಜೂನ್‌ನಲ್ಲಿ ಶುರುವಾಯಿತೆಂದು ಹೇಳಬೇಕು. ನನ್ನ ಡ್ರೋನಿನಲ್ಲಿ ಜಿಪಿಎಸ್ ಇಲ್ಲ. ರಿಮೋಟಿನ ಕೋಲುಗಳನ್ನು ಬಿಟ್ಟರೆ ಅದು ಮಟ್ಟವಾಗುತ್ತದೆ, ಆದರೆ ನಿಂತಲ್ಲಿ ನಿಲ್ಲುವುದಿಲ್ಲ. ಗಾಳಿ ಎತ್ತ ಬೀಸಿದರೆ ಅತ್ತ ತೇಲುತ್ತದೆ. ಬಾಲ ನನ್ನ ಕಡೆಗಿದ್ದಾಗ ತಿದ್ದುವುದು ಸುಲಭ. ಮೂಗು ನನ್ನ ಕಡೆಗೆ ತಿರುಗಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ, ಗಾಬರಿಯಲ್ಲಿ ಕೈ ಹಳೆಯ ರೂಢಿಯಂತೆಯೇ ಓಡುತ್ತದೆ. ಆಗ ಯಾವ ಕಡೆಗೆ ಡ್ರೋನ್ ವಾಲುತ್ತದೋ ಅದೇ ಕಡೆಗೆ ಕೋಲನ್ನು ಒತ್ತಿ, ಬೀಳುವವನಿಗೆ ಆಸರೆ ಕೊಟ್ಟಂತೆ ತಿದ್ದಬೇಕು ಎಂಬ ಉಪಾಯ ನನಗೆ ಬಹಳ ನೆರವಾಯಿತು. ರಾತ್ರಿ ಸಿಮ್ಯುಲೇಟರ್‌ನಲ್ಲಿ ಅರ್ಧ ಗಂಟೆ, ಬೆಳಿಗ್ಗೆ ಗಾಳಿ ಏಳುವ ಮುನ್ನ ಹೊಲದಲ್ಲಿ ಮೂರು ಬ್ಯಾಟರಿ, ಹೀಗೆ ಅಭ್ಯಾಸ ನಡೆದಿದೆ. ಎಂಟು ಗಂಟೆಯ ನಂತರ ಆಷಾಢದ ಗಾಳಿಯಲ್ಲಿ ಈ ಹಗುರ ಡ್ರೋನನ್ನು ಏರಿಸುವುದಿಲ್ಲ. ಹದ್ದುಗಳು ಸುತ್ತಲು ತೊಡಗಿದರೂ ಇಳಿಸಿಬಿಡುತ್ತೇನೆ.

ಈ ಭಾನುವಾರ ಬೆಳಿಗ್ಗೆ ಎದೆಯ ಎತ್ತರದಲ್ಲಿ, ಹತ್ತು ಹೆಜ್ಜೆ ದೂರದಲ್ಲಿ, ಮೂಗು ನನ್ನ ಕಡೆಗಿರುವಂತೆ 40 ಸೆಕೆಂಡು ನಿಲ್ಲಿಸಿದೆ. ಇಳಿಸಿದಾಗ ಬ್ಯಾಟರಿ ಮೂರೂ ಸೆಲ್ ಸೇರಿ 10.7 ವೋಲ್ಟ್ ಇತ್ತು. ಅಪ್ಪ ಬದುವಿನ ಮೇಲೆ ಕುಳಿತು ನೋಡುತ್ತಿದ್ದರು. ಕ್ಯಾಮೆರಾ ಯಾವಾಗ ಹಚ್ಚುತ್ತೀ ಎಂದು ಕೇಳಿದರು. ದೀಪಾವಳಿಯ ನಂತರ ಎಂದು ಹೇಳಿದ್ದೇನೆ.