ಒದ್ದೆ ಬಟ್ಟೆ ಮುಟ್ಟಿಸುವ ಮುಂಚೆ

ಟೊರಾಂಟೊದಲ್ಲಿ ಹಳೇ ಕಟ್ಟಡಗಳ ಗೋಡೆಚಿತ್ರ ಉಳಿಸುವ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಒಂದು ಹಜಾರದ ಗೋಡೆಯಲ್ಲಿ ಹೂಬಳ್ಳಿಯ ಮೇಲೆ ಮಸಿ ಕೂತಿತ್ತು. ಬಟ್ಟೆ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಮೆಲ್ಲಗೆ ಒಂದು ಸಲ ಒರೆಸಿದೆ. ಮಸಿ ಬಂತು. ಜೊತೆಗೆ ಒಂದು ಎಲೆ, ಅರ್ಧ ಮೊಗ್ಗು ಬಟ್ಟೆಗೆ ಬಂದುಬಿಟ್ಟವು.

ಸುಣ್ಣದ ಗೋಡೆಗೆ ಒರಗಿದರೆ ಅಂಗಿಗೆ ಬೆಳ್ಳಗೆ ಮೆತ್ತಿಕೊಳ್ಳುವ ಮನೆಯಲ್ಲೇ ಬೆಳೆದವನು ನಾನು. ಬಣ್ಣ ಗೋಡೆಗೆ ಯಾವುದರಿಂದ ಅಂಟಿದೆ ಅಂತ ಮೊದಲು ನೋಡಬೇಕಿತ್ತು. ಎಷ್ಟು ಕೊಳೆಯಾಗಿದೆ ಅಂತ ಮಾತ್ರ ನೋಡಿದ್ದೆ.

ನಮ್ಮ ತಂಡದ ಹಿರಿಯರು ಬಯ್ಯಲಿಲ್ಲ. ಆ ವಾರವೇ ಯಂಗ್ ಸ್ಟ್ರೀಟಿನ ಎಲ್ಗಿನ್ ಮತ್ತು ವಿಂಟರ್ ಗಾರ್ಡನ್ ರಂಗಮಂದಿರಕ್ಕೆ ಕರೆದುಕೊಂಡು ಹೋದರು. ಒಂದರ ತಲೆಯ ಮೇಲೊಂದು ಎರಡು ಥಿಯೇಟರುಗಳು. ನಕ್ಷೆ ಥಾಮಸ್ ಲ್ಯಾಂಬ್ ಅವರದು. ಕೆಳಗಿನದು 1913ರ ಡಿಸೆಂಬರಿನಲ್ಲಿ ತೆರೆಯಿತು, ಏಳು ಮಹಡಿ ಮೇಲಿರುವ ವಿಂಟರ್ ಗಾರ್ಡನ್ 1914ರ ಫೆಬ್ರವರಿಯಲ್ಲಿ. ಹಾಡು, ಕುಣಿತ, ಕಸರತ್ತು, ಜಾದೂ, ನಗೆನಾಟಕ ಒಂದರ ಹಿಂದೊಂದು ಬರುವ ವಾಡೆವಿಲ್ ಆಟಗಳ ಕಾಲ ಅದು. ಸಿನಿಮಾ ಆ ಆಟಗಳನ್ನು ನುಂಗಿತು. 1928ರಲ್ಲಿ ಮೇಲಿನದಕ್ಕೆ ಬೀಗ ಬಿತ್ತು. ಕೆಳಗೆ ಸಿನಿಮಾ ಓಡಿತು, ಗೋಡೆಗೆ ಬಣ್ಣದ ಮೇಲೆ ಬಣ್ಣ ಬಳಿದರು. ಮೇಲಿನದನ್ನು ಐವತ್ತು ವರ್ಷ ಯಾರೂ ಮುಟ್ಟಲಿಲ್ಲ, ಅದರಿಂದಲೇ ಉಳಿಯಿತು. ಹಳೇ ಆಟಗಳ ಪರದೆಗಳು, ಸೀನರಿಗಳು ಕೂಡ ಅಲ್ಲೇ ಇದ್ದವು.

1981ರಲ್ಲಿ ಒಂಟಾರಿಯೊ ಹೆರಿಟೇಜ್ ಫೌಂಡೇಶನ್ ಕಟ್ಟಡವನ್ನು ಕೊಂಡಿತು. 1989ರ ಡಿಸೆಂಬರಿನಲ್ಲಿ ಎರಡೂ ಮತ್ತೆ ತೆರೆದವು. ವಿಂಟರ್ ಗಾರ್ಡನ್ನಿನ ಚಾವಣಿಯಲ್ಲಿ ನಿಜವಾದ ಬೀಚ್ ಮರದ ಎಲೆಗಳು ತೂಗುತ್ತವೆ. ಹಳೆಯವು ಒಣಗಿ ಹೋಗಿದ್ದರಿಂದ 5,000ಕ್ಕೂ ಹೆಚ್ಚು ಕೊಂಬೆಗಳನ್ನು ಕಡಿದು ತಂದು, ಬೆಂಕಿ ಹಿಡಿಯದಂತೆ ಹದಮಾಡಿ ಕಟ್ಟಿದ್ದಾರೆ. ಕತ್ತೆತ್ತಿ ನಿಂತವನಿಗೆ ತೋಟದೊಳಗೇ ಇದ್ದೇನೆ ಅನ್ನಿಸಿತು.

ನನ್ನ ಪಾಠ ಮಾತ್ರ ಗೋಡೆಯಲ್ಲಿತ್ತು. ಅಲ್ಲಿಯ ಗುಲಾಬಿ ತೋಟ ನೀರಿನಲ್ಲಿ ಕಲಸಿದ ಬಣ್ಣದಲ್ಲಿ ಬರೆದದ್ದು; ನೀರು ಸೋಕಿದರೆ ಹೋಯಿತು. ಅದಕ್ಕೇ ಬ್ರೆಡ್ ಮಾಡುವ ಹಸಿ ಹಿಟ್ಟಿನ ಉಂಡೆಗಳನ್ನು ಗೋಡೆಯ ಮೇಲೆ ಉರುಳಿಸಿ ಕೊಳೆ ತೆಗೆದರಂತೆ. ಹಿಡಿದ ಹಿಟ್ಟು 385 ಪೌಂಡು, ಅಂದರೆ ಸುಮಾರು 175 ಕಿಲೋ! ಹಿಟ್ಟಿನ ಅಂಟಿಗೆ ಮಸಿ ಹತ್ತುತ್ತೆ, ಬಣ್ಣ ಕರಗುವಷ್ಟು ನೀರು ಗೋಡೆಗೆ ಇಳಿಯಲ್ಲ. ಅಮೆರಿಕದಲ್ಲಿ ಕಲ್ಲಿದ್ದಲ ಮಸಿ ಹತ್ತಿದ ವಾಲ್‌ಪೇಪರಿಗೂ ಇಂಥದ್ದೇ ಹಿಟ್ಟು ಇತ್ತು. ಮಕ್ಕಳು ಗೊಂಬೆ ಮಾಡಿ ಆಡುವ ಬಣ್ಣದ ಹಿಟ್ಟು, ಪ್ಲೇ ಡೋ, ಅದರಿಂದಲೇ ಹುಟ್ಟಿದ್ದು.

ಮನೆಗೆ ಬಂದು ರಾತ್ರಿಯೇ ಮೈದಾ ಕಲಸಿದೆ. ಒಂದು ಹಲಗೆಗೆ ನೀರುಬಣ್ಣ ಬಳಿದು, ಒಣಗಿಸಿ, ದೀಪದ ಹೊಗೆ ಹಿಡಿಸಿದೆ. ಚಪಾತಿ ಹಿಟ್ಟಿನ ಹದಕ್ಕೆ ಹಲಗೆಗೇ ಮೆತ್ತಿಕೊಂಡಿತು. ಇನ್ನಷ್ಟು ಮೈದಾ ಸೇರಿಸಿ ಪೂರಿ ಹಿಟ್ಟಿನಷ್ಟು ಗಟ್ಟಿಯಾಗಿ ನಾದಿದೆ. ಒತ್ತಿ ಎತ್ತಿದರೆ ಉಂಡೆಯ ಮೈ ಕಪ್ಪು, ಹಲಗೆಯ ನೀಲಿ ಹಾಗೇ ಇತ್ತು. ಕಪ್ಪಾದದ್ದನ್ನು ಒಳಗೆ ಮಡಚಿ ನಾದಿ ಮತ್ತೆ ಒತ್ತಿದೆ.

ಹಾಗಂತ ಎಲ್ಲ ಗೋಡೆಗೂ ಹಿಟ್ಟು ಹಿಡಿದು ಹೋಗುವುದಿಲ್ಲ. ಬಣ್ಣ ಹಕ್ಕಳೆ ಎದ್ದಿದ್ದರೆ ಹಿಟ್ಟೇ ಕಿತ್ತುಕೊಂಡು ಬರುತ್ತೆ. ಈಗ ಮೊದಲು ಯಾರಿಗೂ ಕಾಣದ ಮೂಲೆ ಹುಡುಕಿ, ಹತ್ತಿಯ ಕಡ್ಡಿಯ ತುದಿಗೆ ಒಂದೇ ಹನಿ ನೀರು ಹಾಕಿ, ಉಜ್ಜದೆ ಉರುಳಿಸುತ್ತೇನೆ. ಹೋದ ತಿಂಗಳು ಒಂದು ಪುಟ್ಟ ಚರ್ಚಿನಲ್ಲಿ ಹತ್ತಿ ತಿಳಿಹಸಿರಾಯಿತು. ನೀರಿನ ಬಕೆಟ್ಟನ್ನು ಎತ್ತಿ ಬಾಗಿಲಾಚೆ ಇಟ್ಟು ಬಂದೆ.